ಅಶ್ವಾಕ್ಷರದ ದೇಶಸಂಚಾರ

ಚೀನದ ಆನ್ಯಾಂಗ್ ನಗರದ ಬಳಿ, ಶಾಂಗ್ ವಂಶದ ಅರಸರು ದೈವದ ಇಂಗಿತವನ್ನರಿಯಲೆಂದು ಕಾಯಿಸಿ ಬಿರುಕುಬಿಡಿಸುತ್ತಿದ್ದ ಆಮೆಯ ಚಿಪ್ಪುಗಳ ಮೇಲೂ ದನದ ಎಲುಬುಗಳ ಮೇಲೂ, ಮೂರು ಸಹಸ್ರ ವರ್ಷಗಳಿಗೂ ಹಿಂದೆ ಕೊರೆಯಲಾದ ಬರಹಗಳಲ್ಲಿ ಕುದುರೆಯನ್ನು ಸೂಚಿಸುವ ಚಿಹ್ನೆಯೂ ಒಂದು. ಅದನ್ನು ಅಕ್ಷರವೆನ್ನುವುದಕ್ಕಿಂತ ಚಿತ್ರವೆನ್ನುವುದೇ ಉಚಿತ: ನೀಳವಾದ ಮೋರೆ, ದೊಡ್ಡ ಕಣ್ಣು, ಕೊರಳ ಮೇಲೆ ಕೆದರಿದ ಕೇಸರ, ಕಾಲು, ಬಾಲ, ಯಾವುದೂ ಅಲ್ಲಿ ಲೋಪವಾಗಿಲ್ಲ. ಕುಂಚವು ಬಳಕೆಗೆ ಬಂದು ಲಿಪಿಯು ಚತುರಸ್ರಾಕಾರವನ್ನು ತಾಳಿದಾಗ ಅದೇ ಚಿತ್ರವು ಹತ್ತು ಗೆರೆಗಳ ಅಕ್ಷರವಾಗಿ, ಕೇಸರವು ಅಡ್ಡಗೆರೆಗಳಾಗಿಯೂ ಕಾಲುಗಳು ಕೆಳಗಿನ ನಾಲ್ಕು ಬಿಂದುಗಳಾಗಿಯೂ ಉಳಿದುವು. ಕ್ರಿ.ಶ. 100ರ ಸುಮಾರಿನಲ್ಲಿ ಷೂ ಷೆನ್ ಎಂಬ ಪಂಡಿತನು 540 ಶೀರ್ಷಕಗಳಡಿ ವಿಂಗಡಿಸಿದ ಮಹಾಕೋಶದಲ್ಲಿ ಇದಕ್ಕೂ ಒಂದು ಶೀರ್ಷಕದ ಪದವಿ ದೊರೆಯಿತು. ಅದರಡಿಯಲ್ಲಿ ಕುದುರೆಯ ಬಣ್ಣ, ವಯಸ್ಸು, ನಡೆಗಳಿಗೆ ಪ್ರತ್ಯೇಕವಾದ ಅಕ್ಷರಗಳಿವೆ. ಮಧ್ಯ ಏಷ್ಯದ ಫರ್ಗಾನದ ಉತ್ತಮಾಶ್ವಗಳಿಗಾಗಿಯೇ ಕ್ರಿ.ಪೂ. 104ರಿಂದ ದಂಡೆತ್ತಿಹೋದ ಹಾನ್ ಸಾಮ್ರಾಜ್ಯದಲ್ಲಿ ಇಂಥ ಸೂಕ್ಷ್ಮತೆ ಸಹಜವೇ ಸರಿ.

ಚೀನದ ಅಕ್ಷರವು ಅರ್ಥವನ್ನು ಕಣ್ಣಿಗೆ ಕೊಡುತ್ತದೆ. ಧ್ವನಿಯನ್ನು ಮಾತ್ರ ಓದುವವನೇ ತುಂಬಬೇಕು. ಇಂದಿನ ಬೀಜಿಂಗಿನಲ್ಲಿ ಇಳಿದು ಏರುವ ಸ್ವರದ 'ಮಾ' ಎಂದೂ, ಕೊರಿಯದಲ್ಲಿ ಬರಹದ ಓದಾಗಿ 'ಮಾ', ಆಡುಮಾತಿನಲ್ಲಿ 'ಮಲ್' ಎಂದೂ, ವಿಯೆಟ್ನಾಮಿನ ಪಂಡಿತರ ಓದಿನಲ್ಲಿ ಮತ್ತೆ 'ಮಾ' ಎಂದೂ ಈ ಅಶ್ವಾಕ್ಷರಕ್ಕೆ ಉಚ್ಚಾರ. ಜಪಾನಿನಲ್ಲಾದರೋ, ನಾಡಮಾತಿನ 'ಉಮ'ದ ಜೊತೆಗೆ ಚೀನದಿಂದಲೇ ಬಂದ ಎರಡು ಓದುಗಳು ಒಂದರ ಮೇಲೊಂದು ಪದರಗಟ್ಟಿವೆ. ಐದಾರನೆಯ ಶತಮಾನಗಳಲ್ಲಿ, ಕೊರಿಯದ ಬೌದ್ಧರ ಮೂಲಕವೂ ಬಂದ ದಕ್ಷಿಣ ಚೀನದ ಓದು 'ಮೆ'. ಏಳರಿಂದ ಒಂಬತ್ತನೆಯ ಶತಮಾನದವರೆಗೆ ರಾಯಭಾರಿಗಳೂ ಭಿಕ್ಷುಗಳೂ ತಾಂಗರ ರಾಜಧಾನಿ ಚಾಂಗಾನಿನಿಂದ ತಂದ ಓದು 'ಬಾ'. ಚಾಂಗಾನಿನ ನಾಗರಿಕರ ನಾಲಗೆಯಲ್ಲಿ ಆಗ ಮಕಾರವು ಅರೆ ಬಕಾರವಾಗಿದ್ದಿತು. ಚೀನದಲ್ಲೇ ಅಳಿದುಹೋದ ಆ ನಗರದ ನುಡಿಯನ್ನು, ಶಿಲಾಶಾಸನವು ಅಳಿದ ಅರಸುಕುಲದ ಮಾತನ್ನು ಕಾಯುವಂತೆ, ಸಮುದ್ರದಾಚೆಯ ದ್ವೀಪವೊಂದು ಕಾಯ್ದಿಟ್ಟಿದೆ. ಭಾಷಾಚರಿತ್ರೆಯಲ್ಲಿ ಇದಕ್ಕಿಂತ ಮನೋಹರವಾದ ಸಾಕ್ಷ್ಯವನ್ನು ನಾನು ಕಂಡುದು ವಿರಳ.

'ಕುದುರೆ', 'ತಲೆ' ಎಂಬ ಎರಡೇ ಅಕ್ಷರಗಳನ್ನು ಜೋಡಿಸಿ ನೋಡಿದರೆ ಈ ಪದರಗಳು ಸ್ಪಷ್ಟವಾಗುವುವು. ಹಳೆಯ ಓದಿನಲ್ಲಿ ಅದು 'ಮೆಝು', ಪಾಪಿಗಳನ್ನು ಯಾತನೆಗೆಳೆಯುವ ಅಶ್ವಮುಖದ ನರಕಪಾಲಕ. ಹೊಸ ಓದಿನಲ್ಲಿ 'ಬಾತೋ', ಅಂದರೆ ಕರುಣೆಯ ಬೋಧಿಸತ್ತ್ವನಾದ ಅವಲೋಕಿತೇಶ್ವರನ ಹಯಗ್ರೀವರೂಪ. ಇವನು ನಮ್ಮ ಮಾಧ್ವಯತಿ ವಾದಿರಾಜರ ಉಪಾಸ್ಯಮೂರ್ತಿಯಾದ, ವಿಷ್ಣುರೂಪದ ಹಯಗ್ರೀವನಲ್ಲ. ಆದರೂ ಹೆಸರು ಸಂಸ್ಕೃತದ್ದೇ. ಉಗ್ರಮುಖದ ಈ ಕರುಣಾಳುವನ್ನು ಜಪಾನಿನ ಗ್ರಾಮೀಣರು ಕುದುರೆಗಳ ರಕ್ಷಕನೆಂದು ನಂಬಿ, ಹೊರೆ ಹೊತ್ತು ದಾರಿಯಲ್ಲೇ ಸತ್ತ ಪ್ರಾಣಿಗಳ ಸದ್ಗತಿಗಾಗಿ ಅವನ ಹೆಸರಿನ ಕಲ್ಲುಗಳನ್ನು ಮಾರ್ಗದ ಬದಿಯಲ್ಲಿ ನೆಟ್ಟರು. ಬುದ್ಧಚರಿತವನ್ನು ರಚಿಸಿದ ಅಶ್ವಘೋಷನ ಹೆಸರನ್ನೂ ಚೀನೀಯರು 'ಕುದುರೆಯ ಕೆನೆತ' ಎಂಬರ್ಥದ ಎರಡಕ್ಷರಗಳಲ್ಲಿ ಬರೆದರು. ಬೀಜಿಂಗಿನಲ್ಲಿ ಆತ 'ಮಾಮಿಂಗ್', ಕೊರಿಯದಲ್ಲಿ 'ಮಾಮ್ಯಂಗ್', ಜಪಾನಿನಲ್ಲಿ ಹಳೆಯ ಓದನ್ನೇ ಉಳಿಸಿಕೊಂಡು 'ಮೆಮ್ಯೋ'.

1956ರ ಲಿಪಿಸುಧಾರಣೆಯಲ್ಲಿ ಚೀನವು ಹತ್ತು ಗೆರೆಗಳನ್ನು ಮೂರಕ್ಕಿಳಿಸಿ, ನಾಲ್ಕು ಕಾಲುಗಳನ್ನು ಒಂದೇ ಅಡ್ಡಗೆರೆಯಾಗಿಸಿತು. ಬರೆಯುವ ಕೈಗೆ ಅದರಿಂದ ಸೌಲಭ್ಯವಾಯಿತೆಂಬುದು ನಿಜ. ಆದರೆ ಚಿತ್ರದ ಕುರುಹನ್ನು ಕಾಣಬಯಸುವವನು ಈಗ ತೈವಾನಿನ ಅಥವಾ ಜಪಾನಿನ ಪುಸ್ತಕವನ್ನೇ ತೆರೆಯಬೇಕಾಗಿದೆ.