ಬಾಲ ಹೇಳುವ ಚರಿತ್ರೆ

ಬಾಲವೆಂದರೆ ನಮ್ಮ ಭಾಷೆಗೆ ಏಕೋ ತಾತ್ಸಾರ. ಹೊಗಳುತ್ತ ಹಿಂದೆ ಸುತ್ತುವವನು ಬಾಲಬಡುಕ. ಮಿತಿಮೀರಿದವನಿಗೆ ‘ಬಾಲ ಬಿಚ್ಚಬೇಡ’ ಎಂಬ ಎಚ್ಚರಿಕೆ. ಗಾಳಿಪಟದ ಬಾಲಂಗೋಚಿಗೆ ಮಾತ್ರ ಒಂದಿಷ್ಟು ಮರ್ಯಾದೆಯುಂಟು. ಆದರೆ ಕೀಟಗಳನ್ನೂ ಕಲ್ಲಾದ ಜೀವಿಗಳನ್ನೂ ಬಲ್ಲವರು, ತಲೆ ಹೇಳದ ಗುಟ್ಟನ್ನು ಬಾಲ ಹೇಳೀತು ಎನ್ನುತ್ತಾರೆ.

ಟ್ರೈಲೊಬೈಟು ಸುಮಾರು 52 ಕೋಟಿ ವರ್ಷಗಳ ಹಿಂದೆ ಕಾಣಿಸಿಕೊಂಡು, 25 ಕೋಟಿ ವರ್ಷಗಳ ಹಿಂದೆ ನಿರ್ವಂಶವಾದ ಕಡಲಜೀವಿ. ಅದು ಕೀಟವಲ್ಲ, ಕೀಟ, ಚೇಳು, ಏಡಿಗಳಿರುವ ದೊಡ್ಡ ಬಳಗಕ್ಕೆ ಸೇರಿದ್ದು. 1698ರಲ್ಲಿ ವೇಲ್ಸಿನ ಎಡ್ವರ್ಡ್ ಲ್ಹುಯ್ಡ್ ಅಂಥದೊಂದನ್ನು ಚಪ್ಪಟೆ ಮೀನಿನ ಅಸ್ಥಿಪಂಜರವೆಂದು ಬಗೆದನು. ಬೆನ್ನುದ್ದಕ್ಕೂ ಕಾಣುವ ಮೂರು ಪಟ್ಟಿಗಳನ್ನು ನೋಡಿ ಟ್ರೈಲೊಬೈಟು ಎಂಬ ಹೆಸರನ್ನು 1771ರಲ್ಲಿ ಕೊಟ್ಟವನು ಜರ್ಮನಿಯ ವಾಲ್ಖ್.

ಹಲವು ಖಂಡಗಳು ಬೆಸೆದು ಒಂದೇ ಗುರಾಣಿಯಾದ ಅದರ ಬಾಲಕ್ಕೆ ಪೈಜಿಡಿಯಂ ಎಂದು ಹೆಸರು. ಪೊರೆ ಕಳಚುವಾಗ ಚಿಪ್ಪು ಬಿಡಿಬಿಡಿಯಾಗುತ್ತಿದ್ದುದರಿಂದ, ಬಾಲವೊಂದೇ ಕಲ್ಲಿನಲ್ಲಿ ಸಿಕ್ಕುವುದು ಸಾಮಾನ್ಯ. ಪ್ರಾಗ್ ನಗರದಲ್ಲಿ ನೆಲೆಸಿದ್ದ ಫ್ರೆಂಚ್ ಇಂಜಿನಿಯರ್ ಬರಾಂಡ್, 1852ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಒಂದೇ ಜಾತಿಯ ಮರಿಯಿಂದ ಪ್ರಾಯದವರೆಗಿನ ಹಂತಗಳನ್ನು ಸಾಲಾಗಿ ಜೋಡಿಸಿ ತೋರಿಸಿದನು. ಬೇರೆ ಬೇರೆ ಹೆಸರು ಹೊತ್ತಿದ್ದ ಎಷ್ಟೋ ‘ಜಾತಿ’ಗಳು ಒಂದೇ ಜೀವಿಯ ಬಾಲ್ಯವೆಂದು ಆಗ ತಿಳಿಯಿತು. ಹೊಸ ಖಂಡಗಳು ಹುಟ್ಟುತ್ತಿದ್ದುದು ಬಾಲದ ಹಿಂತುದಿಯಲ್ಲಿ; ಬಲಿತವು ಅದರ ಮುಂಬದಿಯಿಂದ ಬಿಡಿಸಿಕೊಂಡು ಒಡಲಿಗೆ ಸೇರುತ್ತಿದ್ದವು. ಕೊನೆಯೆಂದು ಕಂಡದ್ದೇ ಮೊದಲಾಗಿತ್ತು.

ಈ ಕಥೆಯ ಪುಟ ನಮ್ಮ ಬೆಂಗಳೂರಿನ ನೆಲದಲ್ಲಿಲ್ಲ. ವೈಟ್‌ಫೀಲ್ಡಿನಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ಪಾಯ ತೋಡಿದರೆ ಮೇಲೆ ಕೆಂಪು ಮಣ್ಣು, ಕೆಳಗೆ ಸುಮಾರು 300 ಕೋಟಿ ವರ್ಷಗಳ ನೈಸ್ ಶಿಲೆ. ಟ್ರೈಲೊಬೈಟು ಹುಟ್ಟುವ ಹೊತ್ತಿಗೆ ಈ ಕಲ್ಲು ಮುದಿಯಾಗಿತ್ತು. ಭಾರತದಲ್ಲಿ ಅದನ್ನು ಕಾಣಬೇಕಾದರೆ ಹಿಮಾಲಯದ ಸ್ಪಿತಿ ಕಣಿವೆಗೆ ಹೋಗಬೇಕು. ಅಲ್ಲಿನ ಪಳೆಯುಳಿಕೆಗಳನ್ನು ರೀಡ್ ಎಂಬ ವಿದ್ವಾಂಸ 1910ರಲ್ಲಿ ವಿವರಿಸಿದ್ದಾನೆ.

ಆದರೆ ಆ ಕೆಂಪು ಮಣ್ಣಿನಲ್ಲಿಯೇ ಓದಬೇಕಾದ ಬಾಲವೊಂದುಂಟು. ಆನೇಕಲ್ ಕಡೆಯ ರಾಗಿ ಹೊಲದ ಬೇರು ತಿನ್ನುವ ಗೊಣ್ಣೆಹುಳುವನ್ನು ರೈತರೆಲ್ಲ ಬಲ್ಲರು. ಬಿಳಿಯ ಮೈ, ಬಾಗಿದ ಬೆನ್ನು, ಕಂದು ತಲೆ. ನೋಡಲು ಎಲ್ಲವೂ ಒಂದೇ. ಅದನ್ನು ಮಗುಚಿ, ಕಡೆಯ ಖಂಡದ ಅಡಿಯನ್ನು ಮಸೂರದಲ್ಲಿ ನೋಡಬೇಕು. ಅಲ್ಲಿನ ಕಿರುಗೂದಲು ಕೆಲವದರಲ್ಲಿ ಎರಡು ಸಾಲಾಗಿ ನಿಂತಿರುತ್ತದೆ, ಕೆಲವದರಲ್ಲಿ ಚೆದರಿರುತ್ತದೆ. ಜಾತಿಯನ್ನು ಗುರುತಿಸುವುದು ಆ ವಿನ್ಯಾಸದಿಂದ. ಇದು ವಿದ್ವಾಂಸರ ಚಪಲವಲ್ಲ: ಒಂದು ಜಾತಿ ವರ್ಷದೊಳಗೆ ದುಂಬಿಯಾದರೆ, ಅಡಿಕೆಯ ಬೇರು ತಿನ್ನುವ ಇನ್ನೊಂದಕ್ಕೆ ಎರಡು ವರ್ಷ ಹಿಡಿಯುತ್ತದೆ. ಯಾವುದೆಂದು ತಿಳಿಯದೆ ಹಾಕಿದ ಔಷಧಿಯ ಹಣ ಮಣ್ಣುಪಾಲು.

ದುಂಬಿಗಳ ಹಿಂಬದಿಯ ಫಲಕಕ್ಕೂ ಪೈಜಿಡಿಯಂ ಎಂದೇ ಹೆಸರು. ಹೆಸರೊಂದೇ ಆದರೂ ಕೆಲಸ ಬೇರೆ; ಮೊಟ್ಟೆಯೊಡೆದು ಬರುವ ಗೊಣ್ಣೆಹುಳು ತನ್ನ ಖಂಡಗಳನ್ನೆಲ್ಲ ಹೊತ್ತೇ ಬರುತ್ತದೆ, ಬಾಲದಲ್ಲಿ ಹೊಸತು ಹುಟ್ಟುವುದಿಲ್ಲ. ಆದರೂ ಕಲ್ಲಿನಲ್ಲಾಗಲಿ ಹೊಲದಲ್ಲಾಗಲಿ ನೋಡುವವನಿಗೆ ಪಾಠ ಒಂದೇ: ತಲೆ ಕಂಡೊಡನೆ ಹೆಸರಿಡಬಾರದು, ತುದಿಯವರೆಗೆ ನೋಡಬೇಕು.