ಮದುವೆಯ ಕಥೆ ಬರೆದ ಅರಮನೆಯ ಹೆಂಗಸರು

ಶ್ರೀರಂಗಪಟ್ಟಣದ ಅರಮನೆಯಲ್ಲಿ ಒಡ್ಡೋಲಗವಿರಲಿ, ಅಂತಃಪುರದ ಹರಟೆಯಿರಲಿ, ಎಲೆಅಡಿಕೆಯ ಸಂಚಿ ಹಿಡಿದವರು ಕೂಗಳತೆಯಲ್ಲೇ ಇರಬೇಕಿತ್ತು. ಎಲೆಯ ತೊಟ್ಟು ಮುರಿದು, ನಾರು ತೆಗೆದು, ಹದವಾಗಿ ಸುಣ್ಣ ಸವರಿ, ಅಡಿಕೆ, ಏಲಕ್ಕಿ, ಲವಂಗ, ಪಚ್ಚಕರ್ಪೂರ ಇಟ್ಟು ಮಡಿಚಿ ಕೊಡುವುದು ಅವರ ಕೆಲಸ. ಚಿಕ್ಕದೇವರಾಜ ಒಡೆಯರು 1673ರಿಂದ 1704ರವರೆಗೆ ಆಳಿದರು. ಅವರ ಅರಮನೆಯಲ್ಲಿ ಈ ಊಳಿಗದಲ್ಲಿದ್ದವಳು ಯಳಂದೂರಿನ ಹೊನ್ನಮ್ಮ. ಕೆಲಸವೇ ಹೆಸರಿಗೆ ಅಂಟಿಕೊಂಡು ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಅವಳು ಸಂಚಿ ಹೊನ್ನಮ್ಮ.

ಎಲೆ ಮಡಿಚಿ ಕೊಡುವುದು ಈಗ ಕೇಳಿದರೆ ಚಿಲ್ಲರೆ ಕೆಲಸ. ಆ ಕಾಲದ ಲೆಕ್ಕವೇ ಬೇರೆ. ದೊರೆಯ ಬಾಯಿಗೆ ಹೋಗುವ ವಸ್ತುವನ್ನು ಮುಟ್ಟುವವರು ನಂಬಿಗಸ್ತರೇ ಆಗಿರಬೇಕು, ಕಿವಿಗೆ ಬಿದ್ದ ರಾಜಕಾರಣದ ಮಾತನ್ನು ಹೊರಗೆ ಆಡದವರೂ ಆಗಿರಬೇಕು. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿ ರಾಯಭಾರಿ ಅಬ್ದುಲ್ ರಜಾಕ್, ಆಸ್ಥಾನದಲ್ಲಿ ತನಗೆ ಸಿಕ್ಕ ವೀಳ್ಯ ಕರ್ಪೂರಗಳ ಮರ್ಯಾದೆಯನ್ನು ಮರೆಯದೆ ಬರೆದಿಟ್ಟಿದ್ದಾನೆ. ಅದಕ್ಕೂ ಹಿಂದೆ, ಕಲ್ಯಾಣದಲ್ಲಿ ಬಸವಣ್ಣನ ಹಡಪ, ಅಂದರೆ ಎಲೆಅಡಿಕೆಯ ಸಂಚಿ, ಹಿಡಿದ ಅಪ್ಪಣ್ಣ ವಚನಕಾರನಾದ. ಅವನ ಮಡದಿ ಲಿಂಗಮ್ಮನೂ ವಚನ ಬರೆದಳು. ಹಾಗಾಗಿ ಸಂಚಿಯ ಪಕ್ಕದಲ್ಲಿ ಓಲೆಗರಿ ಕಾಣಿಸಿಕೊಂಡದ್ದು ಹೊನ್ನಮ್ಮನ ಕಾಲಕ್ಕೆ ತೀರಾ ಹೊಸ ಸಂಗತಿಯೇನೂ ಆಗಿರಲಿಲ್ಲ.

ಅವಳ ಊರೂ ಅಂಥದ್ದೇ. ಯಳಂದೂರಿನ ಗೌರೀಶ್ವರ ದೇವಾಲಯದ ಮುಂದಿನ ಬಳೆಮಂಟಪದಲ್ಲಿ ಇವತ್ತಿಗೂ ಕಲ್ಲಿನ ಬಳೆಗಳ ಸರಪಳಿ ನೋಡಬಹುದು. ‘ರಾಜಶೇಖರ ವಿಳಾಸ’ ಬರೆದ ಷಡಕ್ಷರದೇವನ ಮಠ ಇದ್ದದ್ದು ಅಲ್ಲೇ. ಚಿಕ್ಕದೇವರಾಜರ ಮಂತ್ರಿ ವಿಶಾಲಾಕ್ಷ ಪಂಡಿತನೂ ಅದೇ ಊರಿನವನು. ಅರಮನೆ ಸೇರಿದ ಮೇಲೆ ಹೊನ್ನಮ್ಮನಿಗೆ ಗುರುವಾಗಿ ಸಿಕ್ಕವನು ಸಿಂಗರಾರ್ಯ. ಹರ್ಷನ ‘ರತ್ನಾವಳಿ’ಯನ್ನು ಆಧರಿಸಿ ‘ಮಿತ್ರವಿಂದಾ ಗೋವಿಂದ’ ಬರೆದ ಇವನದೇ ಇಂದು ಸಿಕ್ಕಿರುವ ಮೊದಲ ಕನ್ನಡ ನಾಟಕ. ಹೊನ್ನಮ್ಮನ ಜಾಣ್ಮೆಯನ್ನು ದೊರೆಯ ಕಿವಿಗೆ ಹಾಕಿದವಳು ರಾಣಿ ದೇವಾಜಮ್ಮಣ್ಣಿ. ದೊರೆ ಅಪ್ಪಣೆ ಕೊಟ್ಟರು, ಊಳಿಗದವಳು ಕಾವ್ಯ ಬರೆದಳು.

ಬರೆದದ್ದು ಯಾವುದರ ಮೇಲೆ? ಪತಿವ್ರತೆ ಹೇಗಿರಬೇಕು ಎಂಬುದರ ಮೇಲೆ.

‘ಹದಿಬದೆಯ ಧರ್ಮ’ ಒಂಬತ್ತು ಸಂಧಿಗಳ ಸಾಂಗತ್ಯ. ನಾಲ್ಕು ಸಾಲಿನ, ರಾಗಕ್ಕೆ ಸಲೀಸಾಗಿ ಕೂರುವ ಪದ್ಯ. ಓದು ಬಾರದ ಹೆಣ್ಣುಮಕ್ಕಳೂ ಕೇಳಿ ಬಾಯಿಪಾಠ ಮಾಡಿಕೊಳ್ಳಲು ಹೇಳಿಮಾಡಿಸಿದ ಮಟ್ಟು. ಅತ್ತೆ ಮಾವಂದಿರ ಸೇವೆ, ಗಂಡನ ಮನಸ್ಸರಿತು ನಡೆಯುವುದು, ಮನೆಯ ಕಸಮುಸುರೆ, ಅಡುಗೆ, ಆಳುಕಾಳು, ಮಾತಿನ ಮಿತಿ ಎಲ್ಲವೂ ಅದರಲ್ಲಿ ಬರುತ್ತವೆ. ಧರ್ಮಶಾಸ್ತ್ರಗಳು ಹೇಳಿದ್ದನ್ನೇ ಅಚ್ಚಗನ್ನಡಕ್ಕೆ ಇಳಿಸುತ್ತಾ ಹೋಗುತ್ತಾಳೆ. ಇಷ್ಟೇ ಆಗಿದ್ದರೆ ಈ ಪುಸ್ತಕವನ್ನು ಹಳೆಯ ನೀತಿಪಾಠಗಳ ಸಾಲಿಗೆ ಸೇರಿಸಿ ಸುಮ್ಮನಾಗಬಹುದಿತ್ತು.

ಆದರೆ ಪಾಠ ಹೇಳುತ್ತಿದ್ದವಳು ನಡುವೆ ಒಮ್ಮೆ ತಿರುಗಿ ನಿಲ್ಲುತ್ತಾಳೆ. ಹೆಣ್ಣೆಂದರೆ ಮೂಗು ಮುರಿಯುವವರನ್ನು ನೇರವಾಗಿ ಕೇಳುತ್ತಾಳೆ: ನಿಮ್ಮನ್ನು ಹೆತ್ತವಳು ಯಾರು, ಸಾಕಿ ಬೆಳೆಸಿದವಳು ಯಾರು? ಹಾಗಿದ್ದ ಮೇಲೆ ಹೆಣ್ಣನ್ನು ಹೀಗಳೆಯುವವರು ಕಣ್ಣಿದ್ದೂ ಕಾಣದವರಲ್ಲವೇ? ಗಂಡುಮಗುವಾದರೇನು, ಹೆಣ್ಣುಮಗುವಾದರೇನು, ಒಳ್ಳೆಯದಾಗಿ ಬೆಳೆದರೆ ಸಾಲದೇ ಎಂಬುದು ಅವಳ ವಾದ. ಈ ಮಾತುಗಳು ಶಾಲೆಯ ಪಠ್ಯಪುಸ್ತಕಗಳಲ್ಲಿ ಸೇರಿ ಕನ್ನಡಿಗರಿಗೆ ಚಿರಪರಿಚಿತವಾದವು. ಉಳಿದ ಸಂಧಿಗಳನ್ನು ಓದಿದವರು ಕಡಿಮೆ. ಕೆಲವರು ಅವಳನ್ನು ಬಂಡಾಯದವಳೆಂದು ಹೊಗಳಿದರು, ಕೆಲವರು ಗಂಡಸರ ಶಾಸ್ತ್ರವನ್ನೇ ಒಪ್ಪಿಸಿದವಳೆಂದು ತಳ್ಳಿಹಾಕಿದರು. ಎರಡು ಮಾತನ್ನೂ ಆಡಿದ್ದು ಒಬ್ಬಳೇ, ಒಂದೇ ಪುಸ್ತಕದಲ್ಲಿ. ಸತಿಧರ್ಮ ಹೇಳು ಎಂದು ಕೊಟ್ಟ ಅಪ್ಪಣೆಯ ಒಳಗೇ ಈ ಪ್ರಶ್ನೆಗೂ ಅವಳು ಜಾಗ ಮಾಡಿಕೊಂಡಳು.

ಈ ಪಾಠದ ಮೂಲ ಬಹಳ ಹಿಂದಿನದು. ರಾಮಾಯಣದಲ್ಲಿ ಅನಸೂಯೆ ಸೀತೆಗೆ ಬುದ್ಧಿ ಹೇಳುತ್ತಾಳೆ. ಮಹಾಭಾರತದ ವನಪರ್ವದಲ್ಲಿ ಸತ್ಯಭಾಮೆ ದ್ರೌಪದಿಯನ್ನು, ಐದು ಜನ ಗಂಡಂದಿರನ್ನು ಹೇಗೆ ಸಂಭಾಳಿಸುತ್ತೀ, ಮದ್ದೋ ಮಂತ್ರವೋ ಎಂದು ಕೇಳುತ್ತಾಳೆ. ದ್ರೌಪದಿಯ ಉತ್ತರದಲ್ಲಿ ಸೇವೆ, ತಾಳ್ಮೆಗಳ ಜತೆಗೆ ಇನ್ನೊಂದು ವಿವರವಿದೆ. ಪಾಂಡವರ ಬೊಕ್ಕಸಕ್ಕೆ ಬಂದದ್ದೆಷ್ಟು, ಹೋದದ್ದೆಷ್ಟು ಎಂಬುದು ಅವಳೊಬ್ಬಳಿಗೇ ಗೊತ್ತಿತ್ತಂತೆ. ಅರಮನೆಯ ಊಳಿಗದವರು ಯಾರು, ಯಾರು ಏನು ಮಾಡುತ್ತಾರೆ ಎಂಬುದೂ ಅವಳ ನಾಲಗೆಯ ತುದಿಯಲ್ಲಿತ್ತಂತೆ. ಪತಿವ್ರತೆಯ ಮಾದರಿ ಎಂದು ತೋರಿಸುವ ಹೆಂಗಸು ಮೂಲದಲ್ಲಿ ಒಂದು ರಾಜ್ಯದ ಲೆಕ್ಕ ಇಟ್ಟವಳು.

ಇದು ಬರೀ ಪುರಾಣದ ಮಾತಲ್ಲ. ಕುದುರೆ ವ್ಯಾಪಾರಕ್ಕೆಂದು ಬಂದ ಪೋರ್ಚುಗೀಸ್ ನೂನಿಜ್, ಅಚ್ಯುತರಾಯನ ಕಾಲದಲ್ಲಿ, 1535ರ ಸುಮಾರಿಗೆ, ವಿಜಯನಗರದಲ್ಲಿದ್ದ. ಅರಮನೆಯಲ್ಲಿ ಕುಸ್ತಿ ಆಡುವ ಹೆಂಗಸರು, ಜ್ಯೋತಿಷ ಹೇಳುವ ಹೆಂಗಸರು ಇದ್ದರೆಂದು ಅವನು ದಾಖಲಿಸಿದ್ದಾನೆ. ಕೋಟೆಬಾಗಿಲಿನ ಒಳಗಿನ ಖರ್ಚುವೆಚ್ಚವನ್ನೆಲ್ಲ ಬರೆದಿಡುವವರೂ ಹೆಂಗಸರೇ. ಇನ್ನು ಕೆಲವರಿಗೆ ರಾಜ್ಯದ ವಿದ್ಯಮಾನ ಬರೆದಿಟ್ಟು, ತಮ್ಮ ಕಡತವನ್ನು ಹೊರಗಿನ ಬರಹಗಾರರ ಕಡತದೊಂದಿಗೆ ತಾಳೆ ನೋಡುವ ಕೆಲಸ. ಇಷ್ಟು ಬರವಣಿಗೆ ನಡೆಯುತ್ತಿದ್ದ ಮನೆಯಲ್ಲಿ ಒಬ್ಬಿಬ್ಬರು ಕಾವ್ಯಕ್ಕೆ ಕೈಹಾಕಿದರೆ ಅದರಲ್ಲಿ ಅಚ್ಚರಿಯೇನು?

ವಿಜಯನಗರದ ಮೊದಲ ತಲೆಮಾರುಗಳಲ್ಲೇ ಅಂಥ ಒಬ್ಬಳು ಸಿಗುತ್ತಾಳೆ. ಬುಕ್ಕರಾಯನ ಮಗ ಕುಮಾರ ಕಂಪಣ ಮುಳಬಾಗಿಲನ್ನು ನೆಲೆ ಮಾಡಿಕೊಂಡು ತಮಿಳುನಾಡಿನ ಕಡೆಗೆ ದಂಡೆತ್ತಿ ಹೋದವನು. ಅವನ ಮಡದಿ ಗಂಗಾದೇವಿ, ಆ ದಂಡಯಾತ್ರೆಯನ್ನೇ ವಸ್ತುವಾಗಿಸಿ ಸಂಸ್ಕೃತದಲ್ಲಿ ‘ಮಧುರಾವಿಜಯ’ ಬರೆದಳು. ಮೊದಲಲ್ಲಿ ಕವಿಗಳನ್ನು ನೆನೆಯುವಾಗ ತೆಲುಗಿನ ತಿಕ್ಕನನಿಗೂ ಅವಳು ಕೈಮುಗಿದಿದ್ದಾಳೆ. ಹಾಳುಬಿದ್ದ ಗುಡಿಗಳು, ಮಧುರೆಯ ದುರವಸ್ಥೆ, ಕೊನೆಯ ಕಾಳಗ ಎಲ್ಲವೂ ಇದರಲ್ಲಿವೆ. ಮಹಾಕಾವ್ಯವೆಂದ ಮೇಲೆ ಚಂದ್ರೋದಯದ ವರ್ಣನೆ ಇರಲೇಬೇಕು. ಆ ಜಾಗದಲ್ಲಿ ಗಂಗಾದೇವಿ ತನ್ನನ್ನೇ ಪಾತ್ರವಾಗಿ ಕರೆತಂದಳು: ಗಂಡ ಅವಳನ್ನು ಬೆಳದಿಂಗಳನ್ನು ವರ್ಣಿಸು ಎಂದು ಕೇಳುತ್ತಾನೆ, ಅವಳು ವರ್ಣಿಸುತ್ತಾಳೆ. ಗಂಡನ ಯುದ್ಧದ ಕಥೆಯಲ್ಲಿ ಕವಿಯ ಪೀಠ ತನ್ನದು ಎಂದು ಇದಕ್ಕಿಂತ ಸೊಗಸಾಗಿ ಹೇಳುವುದು ಕಷ್ಟ.

ತಿರುಮಲಾಂಬೆಯ ಪಾಲಿಗೆ ಬಂದ ಕೆಲಸ ಇನ್ನೂ ನಾಜೂಕಿನದು. 1529ರಿಂದ 1542ರವರೆಗೆ ಆಳಿದ ಅಚ್ಯುತರಾಯನಿಗೂ ವರದಾಂಬಿಕೆಗೂ ಆದ ಮದುವೆಯನ್ನು ಅವಳು ‘ವರದಾಂಬಿಕಾ ಪರಿಣಯ’ ಎಂಬ ಸಂಸ್ಕೃತ ಚಂಪುವಿನಲ್ಲಿ ಹಾಡಿದಳು. ಸಮಾಸಗಳ ಉದ್ದಕ್ಕೆ ಪಂಡಿತರೇ ಬೆರಗಾಗುವಂಥ ಗದ್ಯ. ಹಂಪಿಯ ಶಾಸನದಲ್ಲಿ ‘ಓದುವ ತಿರುಮಲಮ್ಮ’ ಎಂಬೊಬ್ಬಳ ಹೆಸರಿದೆ. ಆ ಕವಯಿತ್ರಿಯೇ ಇವಳು ಎಂಬುದು ವಿದ್ವಾಂಸರ ಊಹೆ. ಹಾಗಾದರೆ ಆಸ್ಥಾನದಲ್ಲಿ ಓದುವುದನ್ನೇ ಉದ್ಯೋಗ ಮಾಡಿಕೊಂಡಿದ್ದ ಹೆಂಗಸೊಬ್ಬಳು ತನ್ನ ದೊರೆಯ ಮದುವೆಯ ಕವಿಯಾದಳು.

ಇಲ್ಲಿಂದ ಮುಂದೆ ಪುಸ್ತಕಗಳ ಹೆಸರುಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಬೇಕು. ಚಿಕ್ಕದೇವರಾಜರ ಕಾಲದ ಶೃಂಗಾರಮ್ಮ ಬರೆದದ್ದು ‘ಪದ್ಮಿನೀ ಕಲ್ಯಾಣ’, ತಿರುಪತಿಯ ಶ್ರೀನಿವಾಸನ ಮದುವೆ. ದೊಡ್ಡ ಕೃಷ್ಣರಾಜ ಒಡೆಯರ ರಾಣಿ ಚೆಲುವಾಂಬೆ ಬರೆದದ್ದು ‘ವರನಂದೀ ಕಲ್ಯಾಣ’. ಹೆಳವನಕಟ್ಟೆ ಗಿರಿಯಮ್ಮ ಬರೆದದ್ದರಲ್ಲಿ ‘ಸೀತಾ ಕಲ್ಯಾಣ’ವೂ ಒಂದು. ಪರಿಣಯ, ಕಲ್ಯಾಣ, ಸತಿಧರ್ಮ: ಬರೆಯುವ ಹೆಣ್ಣಿಗೆ ಸಲೀಸಾಗಿ ತೆರೆದಿದ್ದ ಬಾಗಿಲು ಇದು. ಮದುವೆಯ ಹಾಡು ಮೊದಲಿಂದಲೂ ಹೆಂಗಸರ ಸೊತ್ತು, ದೇವರ ಮದುವೆಯಾದರೆ ಪುಣ್ಯದ ಲೆಕ್ಕವೂ ಕೂಡುತ್ತದೆ, ಯಾರೂ ಆಕ್ಷೇಪ ಎತ್ತುವಂತಿಲ್ಲ. ಬಾಗಿಲು ದಾಟಿದ ಮೇಲೆ ಒಬ್ಬೊಬ್ಬಳು ಒಂದೊಂದು ಕಡೆಗೆ ಹೋದಳು.

ಚೆಲುವಾಂಬೆ ಹೋದದ್ದು ದೆಹಲಿಯ ಕಡೆಗೆ. ಅವಳ ಗಂಡ 1714ರಿಂದ 1732ರವರೆಗೆ ಮೈಸೂರು ಆಳಿದವರು, ಮೇಲುಕೋಟೆಯ ಚೆಲುವನಾರಾಯಣ ಒಡೆಯರ ಮನೆತನಕ್ಕೆ ಬೇಕಾದ ದೇವರು. ಆ ದೇವರ ಉತ್ಸವಮೂರ್ತಿ ದೆಹಲಿಯ ಬಾದಶಹನ ಮನೆ ಸೇರಿತ್ತು, ರಾಮಾನುಜಾಚಾರ್ಯರು ಹೋಗಿ ತಂದರು, ಮೂರ್ತಿಯನ್ನು ಬಿಟ್ಟಿರಲಾರದ ಬಾದಶಹನ ಮಗಳು ಹಿಂದೆಯೇ ಬಂದು ದೇವರಲ್ಲಿ ಒಂದಾದಳು ಎಂಬುದು ಐತಿಹ್ಯ. ಮೇಲುಕೋಟೆಯ ಮೂರ್ತಿಯ ಪಾದದ ಬಳಿ ಬೀಬಿ ನಾಚ್ಚಿಯಾರಳ ಪುಟ್ಟ ಮೂರ್ತಿಗೆ ಈಗಲೂ ಪೂಜೆ ಸಲ್ಲುತ್ತದೆ. ಈ ಹುಡುಗಿಯೇ ಚೆಲುವಾಂಬೆಯ ವರನಂದಿ. ಒಡೆಯರ ರಾಣಿ ಮದುಮಗಳನ್ನಾಗಿ ಆರಿಸಿಕೊಂಡದ್ದು ತುರುಕರ ಮನೆಯ ಮಗಳನ್ನು. ಅಪ್ಪ ನೋಡಿದ ಗಂಡಿಗಾಗಿ ಕಾಯದೆ, ಮನಸ್ಸು ಕೊಟ್ಟವನ ಬೆನ್ನುಹತ್ತಿ ದೇಶ ದಾಟಿದವಳನ್ನು. ದೇವರ ಕಥೆಯೆಂಬ ಮರ್ಯಾದೆ ಇದ್ದದ್ದರಿಂದ ಇಷ್ಟೆಲ್ಲವನ್ನೂ ಅಂತಃಪುರದಲ್ಲಿ ಕೂತು ಹಾಡಬಹುದಿತ್ತು.

ಅರಮನೆಯ ಪುಸ್ತಕಗಳ ಹಣೆಬರಹ ಭಂಡಾರಗಳ ಕೈಯಲ್ಲಿತ್ತು. ‘ಮಧುರಾವಿಜಯ’ ಶತಮಾನಗಳ ಕಾಲ ಯಾರ ಕಣ್ಣಿಗೂ ಬೀಳದೆ, 1916ರಲ್ಲಿ ತಿರುವನಂತಪುರದ ಖಾಸಗಿ ಗ್ರಂಥ ಸಂಗ್ರಹವೊಂದರಲ್ಲಿ ಬೇರೆ ಕೃತಿಗಳ ನಡುವೆ ಅಪೂರ್ಣವಾಗಿ ಸಿಕ್ಕಿತು. ಕನ್ನಡದಲ್ಲಿ ಆರ್. ನರಸಿಂಹಾಚಾರ್ಯರು 1907, 1919, 1929ರಲ್ಲಿ ಮೂರು ಸಂಪುಟಗಳಾಗಿ ತಂದ ‘ಕರ್ಣಾಟಕ ಕವಿಚರಿತೆ’ಯಲ್ಲಿ ಸಾವಿರಕ್ಕೂ ಹೆಚ್ಚು ಕವಿಗಳಿದ್ದಾರೆ. ವಚನಕಾರ್ತಿಯರನ್ನು ಬಿಟ್ಟರೆ ಹೆಂಗಸರನ್ನು ಹುಡುಕಿಯೇ ನೋಡಬೇಕು.

ಗಿರಿಯಮ್ಮನಿಗೆ ಭಂಡಾರದ ಹಂಗಿರಲಿಲ್ಲ. ಹದಿನೆಂಟನೆಯ ಶತಮಾನದ ಈಕೆ ರಾಣೆಬೆನ್ನೂರಿನ ಹೆಣ್ಣು, ಮಲೆಬೆನ್ನೂರಿಗೆ ಸೊಸೆಯಾಗಿ ಬಂದವಳು, ಹತ್ತಿರದ ಹೆಳವನಕಟ್ಟೆಯ ರಂಗನಾಥನನ್ನೇ ಅಂಕಿತ ಮಾಡಿಕೊಂಡವಳು. ಗಂಡನಿಗೆ ಬೇರೊಂದು ಮದುವೆ ಮಾಡಿಸಿ ತಾನು ಸಂಸಾರದಿಂದ ಹೊರಗುಳಿದಳು ಎಂದು ದಾಸಸಂಪ್ರದಾಯ ಹೇಳುತ್ತದೆ. ಅವಳ ಹಾಡುಗಳು ಉಳಿದದ್ದು ಹೆಂಗಸರ ಬಾಯಲ್ಲಿ. ಹಬ್ಬಹುಣ್ಣಿಮೆ, ಆರತಿ ಅಕ್ಷತೆಗಳ ಹೊತ್ತಿನಲ್ಲಿ.

ಅವಳ ಪ್ರಸಿದ್ಧ ಕೃತಿ ‘ಚಂದ್ರಹಾಸನ ಕಥೆ’. ಜೈಮಿನಿ ಭಾರತದಿಂದ ಬಂದ ಈ ಕಥೆಯ ನಟ್ಟನಡುವೆ ಬರೆಯಬಲ್ಲ ಹುಡುಗಿಯೊಬ್ಬಳಿದ್ದಾಳೆ. ಮಂತ್ರಿ ದುಷ್ಟಬುದ್ಧಿ, ಇವನಿಗೆ ವಿಷ ಕೊಡು ಎಂದು ಮಗನಿಗೆ ಪತ್ರ ಬರೆದು ಚಂದ್ರಹಾಸನ ಕೈಯಲ್ಲೇ ಕಳಿಸುತ್ತಾನೆ. ಉಪವನದಲ್ಲಿ ಮಲಗಿದ್ದ ಚೆಲುವನ ಬಳಿಯ ಪತ್ರ ಮಂತ್ರಿಯ ಮಗಳು ವಿಷಯೆಯ ಕಣ್ಣಿಗೆ ಬೀಳುತ್ತದೆ. ಅವಳು ಕಣ್ಣಿನ ಕಾಡಿಗೆ ತೆಗೆದು ಅಕ್ಷರ ತಿದ್ದುತ್ತಾಳೆ. ಪತ್ರ ಈಗ, ಇವನಿಗೆ ವಿಷಯೆಯನ್ನು ಕೊಡು ಎನ್ನುತ್ತದೆ. ಅಂದೇ ಮದುವೆ.

ಗಿರಿಯಮ್ಮ ‘ಉದ್ದಾಲಿಕನ ಕಥೆ’ಯನ್ನೂ ಹಾಡಿದ್ದಾಳೆ. ಅದರ ನಾಯಕಿ ಚಂಡಿ, ಗಂಡ ಹೇಳಿದ್ದಕ್ಕೆಲ್ಲ ತದ್ವಿರುದ್ಧ ಮಾಡುವ ಹೆಂಡತಿ. ಜೈಮಿನಿ ಭಾರತದಲ್ಲಿ ಬೇಸತ್ತ ಗಂಡ, ಬೇಕಾದದ್ದನ್ನು ಬೇಡವೆಂದು ಹೇಳಿ ಕೆಲಸ ಸಾಧಿಸುವ ಉಪಾಯ ಕಲಿಯುತ್ತಾನೆ. ಶ್ರಾದ್ಧವೂ ಹಾಗೆಯೇ ಚೆನ್ನಾಗಿ ನಡೆದು, ಕೊನೆಗೆ ಪಿಂಡವನ್ನು ಗಂಗೆಗೆ ಬಿಡು ಎಂದು ಮೈಮರೆತು ಸೀದಾ ಹೇಳಿಬಿಡುತ್ತಾನೆ. ಅವಳು ತಿಪ್ಪೆಗೆ ಎಸೆಯುತ್ತಾಳೆ, ಶಾಪಕ್ಕೆ ಸಿಕ್ಕಿ ಕಲ್ಲಾಗುತ್ತಾಳೆ, ಅರ್ಜುನನ ಕೈ ಸೋಕಿದಾಗ ಮತ್ತೆ ಹೆಣ್ಣಾಗುತ್ತಾಳೆ. ಹೆಂಡತಿ ಹೀಗಿರಬಾರದು ಎಂದು ಹೇಳುವುದಕ್ಕೆ ಹುಟ್ಟಿದ ಕಥೆ. ಅದನ್ನು ಹಾಡಿಕೊಂಡು ಬಂದ ಹೆಂಗಸರು ಕೇಳುಗರನ್ನು ಬೆದರಿಸಿದ್ದಕ್ಕಿಂತ ನಗಿಸಿದ್ದೇ ಹೆಚ್ಚಿರಬೇಕು.