ಇಬ್ಬರಿಗೆ ಒಂದು ಟೇಬಲ್, ನದಿಯ ಪಕ್ಕ

ಕಳೆದ ತಿಂಗಳು ನಮ್ಮ ಮದುವೆಯ ದಿನ. ಮಗಳನ್ನು ಅಜ್ಜಿಯ ಹತ್ತಿರ ಬಿಟ್ಟು ನಾವಿಬ್ಬರೇ ಹಿನ್ನೀರಿನ ದಂಡೆಯ ಒಂದು ಹೋಟೆಲಿಗೆ ರಾತ್ರಿ ಊಟಕ್ಕೆ ಹೋಗಿದ್ದೆವು. ಬಾಗಿಲಲ್ಲೇ ಹುಡುಗ "ಎಷ್ಟು ಜನ ಸಾರ್?" ಅಂದ. "ಇಬ್ರೇ" ಅಂದೆ. ಅಷ್ಟಕ್ಕೇ ಅವನಿಗೆ ಎಲ್ಲ ಅರ್ಥವಾಗಿ, ನೀರಿನ ಅಂಚಿನ ಪುಟ್ಟ ಟೇಬಲ್ ತೋರಿಸಿ, ಮೇಣದ ಬತ್ತಿ ಹಚ್ಚಿಟ್ಟು ಹೋದ. ಮೆನು ಓದೋಕೆ ಮೊಬೈಲಿನ ಟಾರ್ಚ್ ಬೇಕಾಯಿತು, ಅದು ಬೇರೆ ವಿಷಯ :-)

ಊಟ ಬರುವ ತನಕ ಸುಮ್ಮನಿರಲಾರದೆ ಇವಳು ಕೇಳಿದಳು, "ಹೀಗೆ ನೀರಿನ ಪಕ್ಕ ಇಬ್ಬರೇ ಕೂತು ಊಟ ಮಾಡೋದನ್ನ ಯಾರು ಶುರು ಮಾಡಿದ್ದು?" ಇಂಥ ಪ್ರಶ್ನೆಗಳನ್ನು ನನ್ನಂಥವನ ಹತ್ತಿರ ಕೇಳಬಾರದು. ಅವತ್ತು ಅರ್ಧ ಹೇಳಿದ್ದೆ, ಉಳಿದರ್ಧ ಇಲ್ಲಿದೆ.

ಮೊದಲು ಟೇಬಲ್ಲಿನ ಕತೆ. ಹದಿನೆಂಟನೇ ಶತಮಾನದ ಪ್ಯಾರಿಸ್ಸಿನಲ್ಲಿ ಹೊರಗೆ ಊಟ ಮಾಡಬೇಕಾದರೆ ಸಾಮಾನ್ಯವಾಗಿ ಒಂದೇ ಉದ್ದನೆಯ ಟೇಬಲ್ಲು. ನಿಗದಿಯಾದ ಹೊತ್ತು, ನಿಗದಿಯಾದ ಬೆಲೆ, ಬಡಿಸಿದ್ದನ್ನು ತಿನ್ನಬೇಕು. ಪಕ್ಕದಲ್ಲಿ ಯಾರು ಕೂತರೂ ಕೇಳುವಂತಿಲ್ಲ. ನಮ್ಮ ಮದುವೆ ಮನೆಯ ಪಂಕ್ತಿ ನೆನಪಿಸಿಕೊಳ್ಳಿ, ತಡವಾಗಿ ಬಂದವನಿಗೆ ಪಾಯಸ ಇಲ್ಲ. ಇದರ ನಡುವೆ 'ರೆಸ್ಟೊರೆಂಟ್' ಅನ್ನೋ ಪದ ಇತ್ತು, ಆದರೆ ಅದು ಜಾಗದ ಹೆಸರಲ್ಲ. ಮಾಂಸವನ್ನು ಗಂಟೆಗಟ್ಟಲೆ ಬೇಯಿಸಿ ತೆಗೆದ ಗಟ್ಟಿ ಸಾರಿನ ಹೆಸರು! ನಿತ್ರಾಣವಾದವರಿಗೆ, ಎದೆ ದುರ್ಬಲವಾದವರಿಗೆ ಮತ್ತೆ ಚೇತನ ಕೊಡುವಂಥದ್ದು ಅಂತ ಅರ್ಥ. 1760ರ ದಶಕದಲ್ಲಿ ಇಂಥ ಸಾರು ಮಾರುವ ಅಂಗಡಿಗಳು ಶುರುವಾದವು. ಬುಲಾಂಜೆ ಎಂಬುವನು 1765ರಲ್ಲಿ ಮೊದಲ ಅಂಗಡಿ ತೆರೆದ ಅಂತ ಬಹಳ ಪುಸ್ತಕಗಳಲ್ಲಿ ಓದಿರ್ತೀರಿ. ಇತಿಹಾಸಕಾರ್ತಿ ರೆಬೆಕ್ಕಾ ಸ್ಪ್ಯಾಂಗ್ ದಾಖಲೆಗಳನ್ನೆಲ್ಲ ಜಾಲಾಡಿ ಅವನ ಸುಳಿವೇ ಸಿಗಲಿಲ್ಲ ಅಂತ 2000ದಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಬರೆದರು. ಅವರಿಗೆ ಸಿಕ್ಕವನು ಮಾಥುರಿನ್ ರೋಜ್ ದ ಶಾಂತುವಾಸೋ ಎಂಬ ಬೇರೆಯೇ ಮನುಷ್ಯ, ವರ್ಷ 1766.

ಈಗ ಯೋಚಿಸಿ. ಬರುವವನು ಕಾಯಿಲೆಯವನು. ಅವನಿಗೆ ಹಸಿವಾದಾಗ ಕೊಡಬೇಕು, ಅವನ ದೇಹಕ್ಕೆ ಹಿಡಿಸುವುದನ್ನು ಕೊಡಬೇಕು. ಇಪ್ಪತ್ತು ಜನರ ಜೊತೆ ಕೂರಿಸಿದರೆ ಹೇಗೆ? ಹಾಗಾಗಿ ಸಣ್ಣ ಬಿಡಿ ಟೇಬಲ್ಲು, ಬೇಕಾದ್ದನ್ನು ಆರಿಸಿಕೊಳ್ಳಲು ಬೆಲೆ ಬರೆದ ಪಟ್ಟಿ. ಹೀಗೆ ಮೊದಲು ಬಂದದ್ದು ಒಬ್ಬರ ಟೇಬಲ್, ಅದರ ಎದುರಿಗೆ ಇನ್ನೊಂದು ಕುರ್ಚಿ ಬಂದದ್ದು ಆಮೇಲೆ. ಪ್ರೇಮಿಗಳ ಊಟದ ಮೂಲ ರೋಗಿಯ ಗಂಜಿ ಅಂದಾಗ ಇವಳು ಕೈಲಿದ್ದ ಸೂಪನ್ನು ಕೆಳಗಿಟ್ಟಳು.

ಇನ್ನು ನದಿಯ ಕತೆ. ಪ್ಯಾರಿಸ್ಸಿನ ಸೆನ್ ನದಿಯ ಎಡದಂಡೆಯಲ್ಲಿ ಪೋಂ ನಫ್ ಮತ್ತು ಸಾಂ ಮಿಶೆಲ್ ಸೇತುವೆಗಳ ನಡುವೆ, ಗ್ರಾಂದ್ ಓಗುಸ್ತಾಂ ದಂಡೆಯ 51ನೇ ನಂಬರಿನಲ್ಲಿ ಲಾಪೆರೂಸ್ ಅನ್ನೋ ರೆಸ್ಟೊರೆಂಟ್ ಇದೆ. ತಾನು ಹುಟ್ಟಿದ್ದು 1766ರಲ್ಲಿ ಅಂತ ಹೇಳಿಕೊಳ್ಳುತ್ತದೆ. ಆಗ ಅದು ಲೆಫೆವ್ರ್ ಎಂಬುವನ ಪಾನೀಯದ ಅಂಗಡಿ. ಹತ್ತಿರದಲ್ಲೇ ಕೋಳಿ, ಬಾತು, ಬೇಟೆಯ ಮಾಂಸದ ಮಾರುಕಟ್ಟೆ ಇತ್ತು. ವ್ಯಾಪಾರಿಗಳು ನಾಲ್ಕು ಜನರ ಕಣ್ಣಿಗೆ ಬೀಳದಂತೆ ದುಡ್ಡು ಎಣಿಸಿಕೊಳ್ಳಲಿ, ಲೆಕ್ಕ ಚುಕ್ತಾ ಮಾಡಿಕೊಳ್ಳಲಿ ಅಂತ ಮಹಡಿಯ ಮೇಲೆ ಪುಟ್ಟ ಪುಟ್ಟ ಕೋಣೆಗಳನ್ನು ಮಾಡಿಕೊಟ್ಟರಂತೆ. ಹತ್ತೊಂಬತ್ತನೇ ಶತಮಾನದಲ್ಲಿ ಜ್ಯೂಲ್ ಲಾಪೆರೂಸ್ ಎಂಬುವನ ಕೈಗೆ ಬಂದು ಈಗಿನ ಹೆಸರು ಪಡೆಯಿತು. ಪೆಸಿಫಿಕ್ ಸಮುದ್ರದಲ್ಲಿ 1788ರಲ್ಲಿ ಕಣ್ಮರೆಯಾದ ನಾವಿಕ ಲಾಪೆರೂಸ್ ಬೇರೆ, ಇದು ಹೆಸರಿನ ಹೋಲಿಕೆ ಮಾತ್ರ.

ದುಡ್ಡು ಎಣಿಸುವ ಕೋಣೆಗಳು ಬರಬರುತ್ತಾ ಗುಟ್ಟಿನ ಊಟದ ಕೋಣೆಗಳಾದವು. ತಗ್ಗು ಚಾವಣಿ, ಮೆತ್ತನೆಯ ಆಸನ, ನದಿಯ ಕಡೆಗೆ ಕಿಟಕಿ, ಗೋಡೆಗೆ ಕನ್ನಡಿ. ಪ್ಯಾರಿಸ್ಸಿನ ಬಹಳ ರೆಸ್ಟೊರೆಂಟುಗಳಲ್ಲಿ ಇಂಥವಿದ್ದವು, 'ಕ್ಯಾಬಿನೆ ಪಾರ್ತಿಕ್ಯುಲಿಯೆ' ಅನ್ನುತ್ತಿದ್ದರು.

ನನಗೆ ತಕ್ಷಣ ನೆನಪಾದದ್ದು ನಮ್ಮೂರಿನ ಹೋಟೆಲಿನ 'ಫ್ಯಾಮಿಲಿ ರೂಮ್'. ಎರಡಕ್ಕೂ ಸಂಬಂಧ ಇದೆ ಅಂತಲ್ಲ. ಮರದ ಅಡ್ಡಗೋಡೆ, ಎಣ್ಣೆ ಕಂದಿದ ಹಸಿರು ಪರದೆ. ಅದು ಗುಟ್ಟಿಗಾಗಿ ಅಲ್ಲ, ಹೆಂಗಸರು ಗಂಡಸರ ನಡುವೆ ಕೂತು ತಿನ್ನಬಾರದು ಅಂತ. ಅಮ್ಮ ಹೇಳುತ್ತಿದ್ದಳು: ಮದುವೆಯಾದ ಹೊಸತರಲ್ಲಿ ಅಪ್ಪ ಮಸಾಲೆ ದೋಸೆಗೆ ಕರಕೊಂಡು ಹೊರಟಾಗ ಮನೆಯಲ್ಲಿ ಹಿರಿಯರು ಜೊತೆಗೆ ಅತ್ತೆಯನ್ನೂ ಕಳಿಸಿದರಂತೆ. ಪರದೆಯ ಹಿಂದೆ ಮೂವರು. ಅಪ್ಪ ಒಂದು ಮಾತೂ ಆಡಲಿಲ್ಲವಂತೆ, ಅತ್ತೆ ಮಾತ್ರ ಎರಡು ದೋಸೆ ತಿಂದರಂತೆ.

ಲಾಪೆರೂಸ್‌ಗೆ ವಾಪಸ್ ಬರೋಣ. ಅಲ್ಲಿನ ಕನ್ನಡಿಗಳ ತುಂಬ ಗೀರುಗಳಿವೆ, ಇವತ್ತಿಗೂ ನೋಡಬಹುದು. ಶ್ರೀಮಂತ ಗೆಳೆಯ ಕೊಟ್ಟ ವಜ್ರ ಅಸಲಿಯೋ ನಕಲಿಯೋ ಅಂತ ಹೆಂಗಸರು ಕನ್ನಡಿಗೆ ಗೀರಿ ನೋಡುತ್ತಿದ್ದರಂತೆ. ಗೀರು ಬಿದ್ದರೆ ವಜ್ರ, ಬೀಳದಿದ್ದರೆ ಗಾಜು. (ಸ್ಫಟಿಕ ಶಿಲೆ ಕೂಡ ಗಾಜನ್ನು ಗೀರುತ್ತದೆ, ಹಾಗಾಗಿ ಪರೀಕ್ಷೆ ಅಷ್ಟೇನೂ ಪಕ್ಕಾ ಅಲ್ಲ. ಎಷ್ಟು ಜನ ಮೋಸಹೋದರೋ!) ಈ ಕತೆಯನ್ನು ಹೇಳುವವರೆಲ್ಲ ನಗುತ್ತಾ ಹೇಳುತ್ತಾರೆ, ಎಂಥಾ ಆಸೆಬುರುಕಿ ಅನ್ನೋ ಧಾಟಿಯಲ್ಲಿ. ನಾನೂ ಮೊದಲ ಸಲ ಓದಿದಾಗ ನಕ್ಕಿದ್ದೆ.

ಆಮೇಲೆ 1810ರ ಫ್ರೆಂಚ್ ದಂಡಸಂಹಿತೆ ಓದಿದೆ, ನಗು ನಿಂತಿತು. ವ್ಯಭಿಚಾರ ಮಾಡಿದ ಹೆಂಡತಿಗೆ 3 ತಿಂಗಳಿಂದ 2 ವರ್ಷ ಜೈಲು. ಎಲ್ಲಿ ಮಾಡಿದಳು ಅನ್ನೋದು ಲೆಕ್ಕಕ್ಕಿಲ್ಲ. ಗಂಡ ಮಾಡಿದರೆ? ಉಪಪತ್ನಿಯನ್ನು ತಂದು ಸಂಸಾರದ ಮನೆಯಲ್ಲೇ ಇಟ್ಟುಕೊಂಡಿದ್ದರೆ ಮಾತ್ರ ಅಪರಾಧ, ಅದಕ್ಕೂ ಬರೀ ದಂಡ, 100ರಿಂದ 2000 ಫ್ರಾಂಕ್. ಅಂದರೆ ನದಿಯ ಪಕ್ಕದ ಆ ಕೋಣೆಯಲ್ಲಿ ಹೆಂಡತಿಯಲ್ಲದವಳ ಜೊತೆ ಊಟಕ್ಕೆ ಕೂತ ಗಂಡಸಿಗೆ ಹೆಂಡತಿಯ ಕಡೆಯಿಂದ ಕಾನೂನಿನ ಭಯವೇ ಇಲ್ಲ. ಎದುರಿಗೆ ಕೂತವಳು ಇನ್ನೊಬ್ಬನ ಹೆಂಡತಿಯಾಗಿದ್ದರೆ ಅವಳಿಗೆ ಜೈಲು. (ಅವಳ ಗಂಡ ದೂರು ಕೊಟ್ಟರೆ ಇವನಿಗೂ ಜೈಲೇ, ಆದರೆ ಅಲ್ಲಿ ಕೆಟ್ಟದ್ದು ಇನ್ನೊಬ್ಬ ಗಂಡಸಿನ ಹಕ್ಕು.) ಮದುವೆಯೇ ಆಗದವಳಾಗಿದ್ದರೆ ನಾಳೆ ಅವನು ಬಾರದೇ ಹೋದರೆ ಕೇಳಲು ಅವಳ ಹತ್ತಿರ ಒಂದು ಕಾಗದವೂ ಇಲ್ಲ. ಬೆರಳಲ್ಲಿರುವ ಕಲ್ಲೊಂದೇ. ಅದನ್ನು ಪರೀಕ್ಷಿಸದೆ ಇನ್ನೇನು ಮಾಡಬೇಕಿತ್ತು? ಫ್ರಾನ್ಸಿನಲ್ಲಿ ವ್ಯಭಿಚಾರವನ್ನು ಅಪರಾಧದ ಪಟ್ಟಿಯಿಂದ ತೆಗೆದದ್ದು 1975ರಲ್ಲಿ.

ಗೋಡೆ ಬೇಡ, ಎಲ್ಲರ ಎದುರಿಗೇ ಇಬ್ಬರು ಕೂರೋಣ ಅನ್ನೋದು ಇನ್ನೊಂದು ದಾರಿ. ಅದಕ್ಕೆ ಲಂಡನ್ನಿಗೆ ಹೋಗಬೇಕು. ಥೇಮ್ಸ್ ನದಿಗೆ ಮುಖ ಮಾಡಿದ ಸವಾಯ್ ಹೋಟೆಲನ್ನು ನಾಟಕ ಕಂಪನಿಯ ದುಡ್ಡಿನಿಂದ ಕಟ್ಟಿಸಿದವನು ರಿಚರ್ಡ್ ಡಾಯ್ಲಿ ಕಾರ್ಟ್. 1889ರಲ್ಲಿ ಬಾಗಿಲು ತೆರೆಯಿತು, ವಿದ್ಯುತ್ ದೀಪ, ಲಿಫ್ಟು ಎಲ್ಲ ಇತ್ತು. ಮ್ಯಾನೇಜರ್ ಆಗಿ ಸೀಸರ್ ರಿಟ್ಜ್, ಅಡುಗೆಗೆ ಎಸ್ಕೋಫಿಯೇ. ಮರ್ಯಾದಸ್ಥ ಮನೆತನದ ಹೆಂಗಸರು ಹೋಟೆಲಿನ ಹಾಲ್‌ನಲ್ಲಿ ಕೂತು ರಾತ್ರಿ ಊಟ ಮಾಡೋದು ಆ ಊರಲ್ಲಿ ಇನ್ನೂ ಅಪರೂಪ, ಅದನ್ನು ಫ್ಯಾಷನ್ ಮಾಡಿದವರಲ್ಲಿ ರಿಟ್ಜ್ ಮುಖ್ಯ. ಮುಂದೆ ಪ್ಯಾರಿಸ್ಸಿನಲ್ಲಿ ತನ್ನದೇ ಹೋಟೆಲ್ ಮಾಡುವಾಗ ಹೆಂಡತಿಯನ್ನು ಗಂಟೆಗಟ್ಟಲೆ ಬೇರೆ ಬೇರೆ ಬಣ್ಣದ ದೀಪದ ಕೆಳಗೆ ಕೂರಿಸಿ, ಯಾವ ಬೆಳಕಲ್ಲಿ ಮುಖ ಚೆನ್ನಾಗಿ ಕಾಣುತ್ತೆ ಅಂತ ನೋಡಿದನಂತೆ. ಮೆನು ಓದಲಾಗದ ನಮ್ಮ ಮಂದ ಬೆಳಕಿಗೆ ಅವನನ್ನೂ ಸ್ವಲ್ಪ ಬೈಯಬಹುದು.

ಅದೇ ಸವಾಯ್‌ನಲ್ಲಿ ಆಸ್ಕರ್ ವೈಲ್ಡ್ ತನ್ನ ಪ್ರಿಯಕರ ಆಲ್ಫ್ರೆಡ್ ಡಗ್ಲಸ್ ಜೊತೆ ಊಟ ಮಾಡುತ್ತಿದ್ದ. 1893ರಲ್ಲಿ ಅಲ್ಲೇ ರೂಮು ಹಿಡಿದಿದ್ದ. ಎರಡು ವರ್ಷದ ನಂತರ ಕೇಸು ನಡೆದಾಗ ಹೋಟೆಲಿನ ಕೆಲಸದವರು ಬಂದು ಆ ರೂಮುಗಳ ಬಗ್ಗೆ ಸಾಕ್ಷಿ ಹೇಳಿದರು. 1895ರ ಮೇ 25ರಂದು ವೈಲ್ಡ್‌ಗೆ 2 ವರ್ಷ ಕಠಿಣ ಸಜೆಯಾಯಿತು. ಡಗ್ಲಸ್ ಮೇಲೆ ಕೇಸೇ ಆಗಲಿಲ್ಲ. 1897ರಲ್ಲಿ ಜೈಲಿನಿಂದ ಡಗ್ಲಸ್‌ಗೆ ಬರೆದ ಉದ್ದನೆಯ ಪತ್ರದಲ್ಲಿ ವೈಲ್ಡ್ ಆ ಊಟಗಳ ಲೆಕ್ಕ ಹಾಕುತ್ತಾನೆ. ಆಮೆಯ ಸೂಪು, ದ್ರಾಕ್ಷಿ ಎಲೆಯಲ್ಲಿ ಸುತ್ತಿದ ಪುಟ್ಟ ಹಕ್ಕಿ, ಇಂಥದ್ದೇ ಶಾಂಪೇನು. ಲಂಡನ್ನಿನಲ್ಲಿ ಇಬ್ಬರಿಗೂ ಸೇರಿ ದಿನದ ಖರ್ಚು 12ರಿಂದ 20 ಪೌಂಡ್, ವಾರಕ್ಕೆ 80ರಿಂದ 130. ಓದುವಾಗ ಒಂದು ಕ್ಷಣ, ಇದೇನಪ್ಪ ಚಿಲ್ಲರೆ ಲೆಕ್ಕ, ಇಂಥಾ ಮನುಷ್ಯ ಅನ್ನಿಸುತ್ತೆ. ಆದರೆ ಅವನು ಬರೆಯುತ್ತಾ ಕೂತಿದ್ದು ಜೈಲಿನ ಕೋಣೆಯಲ್ಲಿ. ಆ ಟೇಬಲ್ಲಿನಿಂದ ಅವನಿಗೆ ಉಳಿದದ್ದು ಬಿಲ್ಲು ಮಾತ್ರ.

ನಮ್ಮ ಕಡೆಗೂ ಒಂದು ತಂತು ಇದೆ. ಬ್ರಿಟಿಷರು 1860ರಲ್ಲಿ ಮಾಡಿದ ನಮ್ಮ ದಂಡಸಂಹಿತೆಯಲ್ಲಿ ಸಲಿಂಗ ಸಂಬಂಧಕ್ಕೆ 377, ವ್ಯಭಿಚಾರಕ್ಕೆ 497. ಈ 497 ಫ್ರೆಂಚರದಕ್ಕೆ ಉಲ್ಟಾ: ಶಿಕ್ಷೆ ಪರಪುರುಷನಿಗೆ ಮಾತ್ರ, ಯಾಕೆಂದರೆ ಹೆಂಡತಿ ಅನ್ನೋಳು ಗಂಡನ ಸೊತ್ತು! ಎರಡರ ಮೇಲಿನ ತೀರ್ಪೂ ಸುಪ್ರೀಂ ಕೋರ್ಟಿನಿಂದ ಒಂದೇ ತಿಂಗಳಲ್ಲಿ ಬಂತು. 2018ರ ಸೆಪ್ಟೆಂಬರ್ 6ರಂದು 377ರಿಂದ ವಯಸ್ಕರ ಒಪ್ಪಿಗೆಯ ಸಂಬಂಧವನ್ನು ಹೊರಗಿಟ್ಟರು, 27ರಂದು 497 ಪೂರ್ತಿ ಬಿದ್ದುಹೋಯಿತು.

ಇಷ್ಟೆಲ್ಲ ಕೇಳಿದ ಇವಳು "ಸಂತೋಷವಾಗಿರೋ ಕತೆ ಒಂದೂ ಇಲ್ವಾ?" ಅಂದಳು. ಇದೆ ಅಂತ ಪ್ರೂಸ್ತ್ ಕಾದಂಬರಿಯ ಸ್ವಾನ್ ಕತೆ ಹೇಳಿದೆ. ಸ್ವಾನ್ ಲಾಪೆರೂಸ್‌ಗೆ ಊಟಕ್ಕೆ ಹೋಗುತ್ತಾನೆ. ಅಡುಗೆ ಚೆನ್ನಾಗಿದೆ ಅಂತಲ್ಲ, ಅವನ ಒದೆತ್ ಇರುವ ಬೀದಿಯ ಹೆಸರೂ ಲಾಪೆರೂಸ್, ಅದಕ್ಕೆ. ಅವಳು ಎದುರಿಗಿಲ್ಲ, ಬರೀ ಹೆಸರು. "ಇದು ಸಂತೋಷದ್ದಾ?" ಅಂದಳು. ಅಷ್ಟರಲ್ಲಿ ಹುಡುಗ ಮೀನು ತಂದಿಟ್ಟ.